ಕಪ್ಲಿಂಗ್, ಗೇವಿನ್ ಅಂಡ್ ಸ್ಟೇಸಿ, ಕೆಟಾಸ್ಟ್ರೊಫಿ: ಯಾವುದರಿಂದ ಶುರು ಮಾಡೋಣ?

ಪ್ರೇಮ-ಸಂಬಂಧದ ಬ್ರಿಟಿಷ್ ಸಿಟ್‌ಕಾಮ್‌ಗಳನ್ನು (ಟಿವಿ ಹಾಸ್ಯ ಧಾರಾವಾಹಿಗಳನ್ನು) ನೋಡಿ ಮುಗಿಸಲು ತಿಂಗಳುಗಟ್ಟಲೆ ಬೇಕಿಲ್ಲ. ‘ಕಪ್ಲಿಂಗ್’ (2000–2004) ಮುಗಿಯುವುದು 28 ಕಂತಿಗೆ, ‘ಕೆಟಾಸ್ಟ್ರೊಫಿ’ (2015–2019) 24ಕ್ಕೆ.

ಕಥೆ ಹೆಣೆಯುವ ಜಾಣ್ಮೆಯೇ ಮುಖ್ಯವೆಂದರೆ ಕಪ್ಲಿಂಗ್. ಮೊದಲ ಸರಣಿಯಲ್ಲಿ (ಸೀಸನ್) ಜೆಫ್ ಎಂಬಾತ ಪಬ್‌ನಲ್ಲಿ ಹೀಬ್ರೂ ಮಾತ್ರ ಬಲ್ಲ ಹುಡುಗಿಯೊಡನೆ ಹೆಣಗಾಡುತ್ತಾನೆ. ಆಮೇಲೆ ಅದೇ ದೃಶ್ಯ ಅವಳ ಕಡೆಯಿಂದ ಮರಳುತ್ತದೆ: ಅವಳ ಮಾತು ನಮಗೆ ಸ್ಪಷ್ಟ, ಅವನದು ಬರೀ ಗೊಣಗಾಟ! ಎರಡು ಸಲ ನೋಡಲೇಬೇಕಾದ ಬರವಣಿಗೆ. ಆದರೆ ಪ್ರೇಕ್ಷಕರ ನಗುವಿನ ಸದ್ದು ಸಹಿಸಬೇಕು. ನಾಲ್ಕನೇ ಸರಣಿಯಲ್ಲಿ ಜೆಫ್ ಪಾತ್ರಧಾರಿ ರಿಚರ್ಡ್ ಕಾಯ್ಲ್ ಇಲ್ಲದ ಕೊರತೆ ಎದ್ದು ಕಾಣುತ್ತದೆ.

ಕೆಟಾಸ್ಟ್ರೊಫಿಯಲ್ಲಿ ಆ ನಗು ಇಲ್ಲ. ಲಂಡನ್ನಿನಲ್ಲಿ ಗಂಡು-ಹೆಣ್ಣಿನ ಕೆಲವೇ ದಿನದ ಒಡನಾಟ, ಗರ್ಭ, ಆಮೇಲೆ ಮದುವೆ. ಸಂಸಾರದ ಜಗಳ ಗೊತ್ತಿರುವವರಿಗೆ ಇದು ನೇರ ನಾಟುತ್ತದೆ. ಮಾತು ಮಾತ್ರ ಬಲು ಹಸಿ, ಅಪ್ಪ-ಅಮ್ಮನ ಜೊತೆ ಕೂತು ನೋಡುವಂಥದ್ದಲ್ಲ.

ಮನೆಮಂದಿಯ ಗದ್ದಲ ಇಷ್ಟವೇ? ‘ಗೇವಿನ್ ಅಂಡ್ ಸ್ಟೇಸಿ’ ಹಿಡಿಯಿರಿ. ಎಸೆಕ್ಸ್‌ನ ಹುಡುಗ, ವೇಲ್ಸ್‌ನ ಬ್ಯಾರಿಯ ಹುಡುಗಿ. ಬೀಗರೇ ಕಥೆಯ ಅರ್ಧ ಜೀವ. ವೇಲ್ಸ್ ಉಚ್ಚಾರಣೆ ಹೊಸದಾದರೆ ಸಬ್‌ಟೈಟಲ್ ಹಾಕಿಕೊಳ್ಳಿ. 2019 ಮತ್ತು 2024ರ ಕ್ರಿಸ್‌ಮಸ್ ಕಂತುಗಳನ್ನು ಇದರ ಮೂರೂ ಸರಣಿ ಮುಗಿಸಿಯೇ ನೋಡಿ.