ಆರ್‌ಎಕ್ಸ್ 100 ರಿಪೇರಿಗೆ ನೆರವಾದ ಅಂಗಡಿ

ಹಳೆಯ ಬೈಕನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವವರಿಗೆ ದಾವಣಗೆರೆಯ ಪಿ.ಬಿ. ರಸ್ತೆಯ ಈ ಬಿಡಿಭಾಗಗಳ ಅಂಗಡಿ ನಿಜಕ್ಕೂ ಆಸರೆ. ಅಪ್ಪನ ಯಮಹಾ ಆರ್‌ಎಕ್ಸ್ 100ಕ್ಕೆ ಚೈನ್ ಮಾತ್ರ ಕೇಳಿದ್ದೆ. ಯಜಮಾನರು ಹಳೆಯ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ತರಿಸಿಕೊಂಡು, ಕೊಕ್ಕೆಯಂತೆ ಬಾಗಿದ ಹಲ್ಲುಗಳನ್ನು ತೋರಿಸಿದರು. "ಇದರ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಸವೆಯುತ್ತದೆ ತಮ್ಮಾ, ಚೈನು, ಎರಡೂ ಸ್ಪ್ರಾಕೆಟ್ಟು ಒಟ್ಟಿಗೇ ಬದಲಿಸು."

ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನ ಒಳವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದ ಮೇಲೆಯೇ, ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂ ಕೊಟ್ಟರು. ಶೂಗಳನ್ನು ಅಗಲಿಸುವ ಕ್ಯಾಮಿಗೆ ತೆಳುವಾಗಿ ಗ್ರೀಸ್ ಸವರಬೇಕು, ಶೂ ಮೇಲಿನ ಉಜ್ಜುವ ಪಟ್ಟಿಗೆ, ಅಂದರೆ ಲೈನಿಂಗಿಗೆ ಮಾತ್ರ ತಾಗಲೇಬಾರದು. ಚೈನಿನ ಎರಡು ತುದಿ ಜೋಡಿಸುವ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು ಎಂದೂ ಹೇಳಿಕೊಟ್ಟರು. ಇಷ್ಟು ತಾಳ್ಮೆ ಯಾರಿಗಿದೆ! ಈಗ ಚೈನಿನ ಕಟಕಟ ಸದ್ದಿಲ್ಲ, ಬ್ರೇಕ್ ಹದವಾಗಿ ಹಿಡಿಯುತ್ತದೆ. ಮುಂದಿನ ಬ್ರೇಕಿನ ಕೇಬಲ್ ಮಾತ್ರ ಸಾಧಾರಣ ಗುಣಮಟ್ಟದ್ದು. ಅದನ್ನು ಬೇರೆಡೆ ಕೊಳ್ಳಿ.