ಕಡಲ ಬದಿಯಲ್ಲಿ ಹಳೇ ಮಾರುತಿ 800: ಕೋಟಿಂಗ್ ನಾಲ್ಕು ವರ್ಷ, ಎಣ್ಣೆ ಹನ್ನೊಂದು ವರ್ಷ

2014ರ ಜುಲೈ. ಶಾಲೆ ಬಿಟ್ಟು ಬರುವಾಗ ಕಾಸರಗೋಡು ಬಳಿಯ ಕುಂಬಳೆ ಪೇಟೆಯ ನೀರಿನಲ್ಲಿ ಕಾರು ಇಳಿಸಿದೆ. ಎಡಗಾಲಿಗೆ ತಣ್ಣಗಾಯಿತು. ಕಿಟಕಿ ಏರಿಸಿಯೇ ಇತ್ತು. ಮನೆಗೆ ಬಂದು ಮ್ಯಾಟ್ ಎತ್ತಿ ನೋಡಿದರೆ, ಕ್ಲಚ್ ಪೆಡಲಿನ ಕೆಳಗೆ ಅಂಗಳದ ಜಲ್ಲಿ ಕಾಣುತ್ತಿತ್ತು. ನಾಲ್ಕು ವರ್ಷದ ಹಿಂದೆ ಇದೇ ಕಾರಿನ ಅಡಿಗೆ ಮೂರೂವರೆ ಸಾವಿರ ಕೊಟ್ಟು ತುಕ್ಕು ಹಿಡಿಯದ ಹಾಗೆ ಕಪ್ಪು ಕೋಟಿಂಗ್ ಹಾಕಿಸಿದ್ದೆ!

ಅಂದಿನಿಂದ ಕೋಟಿಂಗ್ ಬಿಟ್ಟೆ, ತುಕ್ಕಿಗೆ ಎಣ್ಣೆ ಹೊಡೆಯಲು ಹಿಡಿದೆ. ಎರಡನ್ನೂ ಒಂದೇ ಕಾರಿಗೆ, ಒಂದೇ ಮನೆಯಲ್ಲಿ ಬಳಸಿದವನು ನಾನು. ಹಾಗಾಗಿ ಬರೆಯುತ್ತಿದ್ದೇನೆ.

ಕಾರು 2001ರ ಮಾರುತಿ 800. 796 ಸಿ.ಸಿ., ಮೂರು ಸಿಲಿಂಡರ್, 12 ಇಂಚಿನ ಪುಟ್ಟ ಚಕ್ರ. 2004ರಲ್ಲಿ ಒಳನಾಡಿನ ಬದಿಯಡ್ಕದ ಒಬ್ಬರಿಂದ ತಗೊಂಡೆ. ಆಗ ಅಡಿಯಲ್ಲಿ ಒಂದು ಚುಕ್ಕೆ ತುಕ್ಕು ಇರಲಿಲ್ಲ. ಈಗ 1,84,000 ಕಿಲೋಮೀಟರ್ ಓಡಿದೆ. ಎಂಜಿನ್ ಬಗ್ಗೆ ನನ್ನ ದೂರು ಏನೂ ಇಲ್ಲ. ಕಂಪೆನಿ ಈ ಮಾಡೆಲ್ ತಯಾರಿಸುವುದನ್ನು ನಿಲ್ಲಿಸಿದ್ದು 2014ರ ಜನವರಿಯಲ್ಲಿ. ಬಿಡಿಭಾಗ ಮಾತ್ರ ಇವತ್ತಿಗೂ ಸಿಗುತ್ತದೆ. ಮಗಳು ಡ್ರೈವಿಂಗ್ ಕಲಿತದ್ದು ಇದರಲ್ಲೇ. ಮಾರುವ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ತೊಂದರೆ ನನ್ನ ಮನೆಯದ್ದು. ಕೋಯಿಪ್ಪಾಡಿಯಲ್ಲಿ, ಕಡಲಿಗೆ ಇನ್ನೂರು ಮೀಟರ್ ದೂರ ಇಲ್ಲ. ಕಿಟಕಿಯ ಸರಳಿಗೆ ವರ್ಷ ವರ್ಷ ಪೈಂಟ್ ಬೇಕು. ಗೇಟಿನ ಕೊಂಡಿ ಎರಡು ಸಲ ಬದಲಾಯಿಸಿದೆ. ಬದಿಯಡ್ಕದಲ್ಲಿ ಚೆನ್ನಾಗಿದ್ದ ಕಾರು ಇಲ್ಲಿಗೆ ಬಂದ ಐದೇ ವರ್ಷದಲ್ಲಿ ಬಾಗಿಲ ಕೆಳಗೆ ಗುಳ್ಳೆ ಎದ್ದಿತು. ಕಬ್ಬಿಣ ತುಕ್ಕಾದಾಗ ಊದುತ್ತದೆ, ಮೊದಲಿಗಿಂತ ಹಲವು ಪಟ್ಟು ಜಾಗ ಬೇಕಾಗುತ್ತದೆ. ಅದಕ್ಕೇ ಪೈಂಟ್ ಗುಳ್ಳೆಯಾಗುವುದು. ಗುಳ್ಳೆ ಕಂಡಿತು ಎಂದರೆ ಒಳಗೆ ಕೆಲಸ ಆಗಲೇ ಮುಗಿದಿದೆ ಅಂತ ಅರ್ಥ. ಇದು ಗೊತ್ತಾದದ್ದು ಆಮೇಲೆ.

ಕೋಟಿಂಗ್ ಹಾಕಿದ ಅಂಗಡಿಯ ಹೆಸರು ಬೇಡ. ಅವರು ಮಾಡಿದ್ದು ಇಷ್ಟು: ಬೆಳಿಗ್ಗೆ ಪ್ರೆಷರ್ ನೀರು ಹೊಡೆದರು, ಮಧ್ಯಾಹ್ನ ಡಾಂಬರಿನಂಥ ರಬ್ಬರ್ ಕೋಟಿಂಗ್ ಹೊಡೆದರು, ಸಂಜೆ ಕಾರು ಕೊಟ್ಟರು. ನೋಡಲು ಬಹಳ ಚಂದ. ಆದರೆ ಸಂದಿಗಳಲ್ಲಿ ನೀರು ಆರಿರಲಿಲ್ಲ, ಉಪ್ಪೂ ಪೂರ್ತಿ ಹೋಗಿರಲಿಲ್ಲ. ಎರಡನ್ನೂ ಒಳಗಿಟ್ಟು ಮೇಲಿಂದ ಮುಚ್ಚಿದ ಹಾಗಾಯಿತು. ನಮ್ಮ ಗ್ಯಾರೇಜಿನ ಕಾಕ ಸ್ಕ್ರೂಡ್ರೈವರ್ ತುದಿಯಿಂದ ಒಂದು ಕಡೆ ಎಬ್ಬಿಸಿದರು. ಕೋಟಿಂಗ್ ಬಾಳೆಲೆಯ ಹಾಗೆ ಇಡಿಯಾಗಿ ಎದ್ದು ಬಂತು. ಅದರ ಬೆನ್ನಿಗೆ ಕಾರಿನ ಫ್ಲೋರ್ ಪುಡಿಪುಡಿಯಾಗಿ ಅಂಟಿಕೊಂಡಿತ್ತು.

"ಮಾಷೇ, ಇದಕ್ಕಿಂತ ಏನೂ ಹಾಕದೆ ಇದ್ದಿದ್ದರೆ ನಿಮಗೆ ಎರಡು ವರ್ಷ ಮೊದಲೇ ಕಾಣ್ತಿತ್ತು" ಎಂದರು ಕಾಕ. ಟಿಂಕರಿಂಗ್, ಹೊಸ ತಗಡು, ವೆಲ್ಡಿಂಗ್ ಎಲ್ಲ ಸೇರಿ 14,000 ರೂಪಾಯಿ. ಹೊಸ ಕಾರಿಗೆ, ಒಣಗಿದ ತಗಡಿಗೆ ಈ ಕೋಟಿಂಗ್ ಒಳ್ಳೆಯದೇ ಇರಬಹುದು. ಹಳೆ ಕಾರಿಗೆ ಹಾಕಿಸುವ ಮೊದಲು ಹತ್ತು ಸಲ ಯೋಚಿಸಿ.

ಎಣ್ಣೆಯ ದಾರಿ ತೋರಿಸಿದ್ದು ಅಕ್ಕನ ಮಗ. ಅವನು ಇರುವುದು ಕೆನಡಾದ ಒಟ್ಟಾವಾದಲ್ಲಿ. ಅವನದೂ ಹಳೆಯ ಕಾರು, ಅವನಿಗೂ ಅದೇ ಹುಚ್ಚು. ಫೋನಿನಲ್ಲಿ ನಾನು ತುಕ್ಕಿನ ಗೋಳು ಹೇಳಿದಾಗ ನಕ್ಕುಬಿಟ್ಟ. "ಮಾವ, ಅಲ್ಲಿ ಸ್ನೋ ಇಲ್ಲ, ರಸ್ತೆಗೆ ಯಾರೂ ಉಪ್ಪು ಹಾಕಲ್ಲ. ನಿಮಗೆಲ್ಲಿಂದ ತುಕ್ಕು?" ಅಲ್ಲಿ ಹಿಮ ಬಿದ್ದರೆ ರಸ್ತೆಗೆ ಕಲ್ಲುಪ್ಪು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುವುದಿಲ್ಲ, ಹಿಮ ಕರಗುತ್ತದೆ. ಚಳಿ ಮೈನಸ್ ಹತ್ತರ ಕೆಳಗೆ ಹೋದರೆ ಕಲ್ಲುಪ್ಪಿನ ಆಟ ಅಷ್ಟಾಗಿ ನಡೆಯುವುದಿಲ್ಲವಂತೆ, ಆಗ ಮರಳೋ ಬೇರೆ ಉಪ್ಪೋ ಬೇಕು. ಆ ಉಪ್ಪಿನ ಕೆಸರು ಪೂರ್ತಿ ಕಾರಿನ ಅಡಿಗೆ. ಅದಕ್ಕೆ ಅಲ್ಲಿ ಸುಮಾರು ಜನ ಚಳಿಗಾಲಕ್ಕೆ ಮೊದಲೇ ಅಡಿಭಾಗಕ್ಕೆ, ಬಾಗಿಲ ಒಳಗೆಲ್ಲ ಎಣ್ಣೆ ಹೊಡೆಸುತ್ತಾರೆ. ಪ್ರತಿ ವರ್ಷ.

ನಾನು ಹೇಳಿದೆ: "ನಿನ್ನ ರಸ್ತೆಗೆ ಉಪ್ಪು ಲಾರಿಯಲ್ಲಿ ಬರ್ತದೆ ಮಾರಾಯ, ನನ್ನ ಕಾರಿಗೆ ಗಾಳಿಯಲ್ಲಿ ಬರ್ತದೆ. ನಿನಗೆ ಐದು ತಿಂಗಳು, ನನಗೆ ಹನ್ನೆರಡು."

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದು ನೋಡಿದ್ದೀರಲ್ಲ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಉಪ್ಪೂ ಇರುವುದರಿಂದ ಅದು ಇನ್ನೂ ಕಡಿಮೆ ತೇವಕ್ಕೇ ಒದ್ದೆಯಾಗುತ್ತದೆ. ನಮ್ಮೂರಲ್ಲಿ ರಾತ್ರಿ ತೇವ ಇಲ್ಲದ ದಿನ ಯಾವುದು? ಅಂದರೆ ಉಪ್ಪು ಕೂತ ತಗಡು ಮಳೆ ಇಲ್ಲದ ಫೆಬ್ರವರಿಯಲ್ಲೂ ಒದ್ದೆಯೇ. ನಾನು ಕಾರನ್ನು ಶೆಡ್ಡಿನಲ್ಲಿಟ್ಟು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಶೆಡ್ಡಿಗೆ ಕಡಲ ಗಾಳಿ ಬರುತ್ತದೆ, ಉಪ್ಪು ತೊಳೆಯುವ ಮಳೆ ಬರುವುದಿಲ್ಲ. ಪಕ್ಕದ ಮನೆಯ ಆಟೋ ಸುಮ್ನೆ ಮಳೆಯಲ್ಲಿ ನಿಲ್ಲುತ್ತದೆ. ಅದರ ಮೈ ನನ್ನ ಕಾರಿಗಿಂತ ಚೆನ್ನಾಗಿದೆ!

ಇನ್ನೊಂದು ದಡ್ಡತನವೂ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ ಕಾರು ತೊಳೆಯುತ್ತಿದ್ದೆ, ಬಾವಿ ನೀರಿನಲ್ಲಿ. ಏಪ್ರಿಲ್ ಬಂದರೆ ನಮ್ಮ ಬಾವಿ ನೀರು ಉಪ್ಪಾಗುತ್ತದೆ, ಕುಡಿಯಲು ಆಗುವುದಿಲ್ಲ. ಅದೇ ನೀರನ್ನು ಕಾರಿಗೆ ಹೊಯ್ದು ಒರೆಸುತ್ತಿದ್ದೆ. ವರ್ಷಗಟ್ಟಲೆ.

ಈಗ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಉಪ್ಪಳದ ಕೈಕಂಬದಿಂದ ತಿರುಗಿ ಒಳನಾಡಿನ ಬಾಯಾರು ಎಂಬ ಊರಿಗೆ ಹೋಗುತ್ತೇನೆ, ಅಕ್ಕನ ಮನೆಗೆ. ಅಲ್ಲಿ ನೀರಿಗಾಗಿ ಗುಡ್ಡದ ಹೊಟ್ಟೆಗೆ ಕೊರೆದ ಸುರಂಗ ಇದೆ. ಏಪ್ರಿಲಿನಲ್ಲೂ ಹೆಬ್ಬೆರಳು ಗಾತ್ರದ ನೀರು ಹರಿಯುತ್ತದೆ. ಪಂಪ್ ಬೇಡ, ಕರೆಂಟ್ ಬೇಡ, ಪೈಪ್ ಹಿಡಿದರೆ ತಾನೇ ಬರುತ್ತದೆ. ಸಿಹಿನೀರು. ತೋಟಕ್ಕೆ ಹೋಗುವ ಮೊದಲು ಅರ್ಧ ಗಂಟೆ ನನ್ನ ಕಾರಿನ ಅಡಿಗೆ. "ನನ್ನನ್ನು ನೋಡ್ಲಿಕ್ಕೆ ಬರ್ತೀಯೋ ಕಾರು ತೊಳೀಲಿಕ್ಕೆ ಬರ್ತೀಯೋ?" ಎಂದು ಅಕ್ಕ ಕೇಳುತ್ತಾಳೆ. ಹೋದದ್ದಕ್ಕೆ ತಿನ್ನಲು ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆಯೋ ಪತ್ರೊಡೆಯೋ ಸಿಗುತ್ತದೆ ಅಂತಲೂ ಇದೆ.

ಎಣ್ಣೆಯಲ್ಲಿ ಮೊದಲು ಪ್ರಯೋಗಗಳು ನಡೆದವು. ಸರ್ವಿಸಿನಲ್ಲಿ ತೆಗೆದ ಹಳೆ ಎಂಜಿನ್ ಆಯಿಲ್ ಹೊಡೆದೆ. ತಪ್ಪು. ಎರಡು ವಾರ ಅಂಗಳಕ್ಕೆ ತೊಟ್ಟಿಕ್ಕಿತು, ಬಾವಿ ಪಕ್ಕದಲ್ಲೇ ಇದೆ. ರಬ್ಬರಿಗೂ ಒಳ್ಳೆಯದಲ್ಲ. ಕಡಪ್ಪುರದ, ಅಂದರೆ ಕಡಲ ದಡದ, ಒಬ್ಬ ಅಜ್ಜ ಬೂತಾಯಿ ಮೀನಿನ ಎಣ್ಣೆ ಹಚ್ಚು ಎಂದರು. ದೋಣಿಗೆ ಹಿಂದಿನಿಂದಲೂ ಅದನ್ನೇ ಹಚ್ಚುತ್ತಿದ್ದದ್ದು. ಡಿಕ್ಕಿಯ ಕೆಳಗೆ ಒಂದು ಮೂಲೆಗೆ ಹಚ್ಚಿ ನೋಡಿದೆ. ತುಕ್ಕು ನಿಂತದ್ದು ಸತ್ಯ, ಅದು ಪದರದ ಹಾಗೆ ಒಣಗಿ ಹಿಡಿಯುತ್ತದೆ. ಆದರೆ ಒಂದು ತಿಂಗಳು ಬೀದಿಯ ಬೆಕ್ಕುಗಳೆಲ್ಲ ನಮ್ಮ ಶೆಡ್ಡಿನಲ್ಲೇ ಮಲಗಿದವು. ಹೆಂಡತಿ ಕಾರು ಹತ್ತಲಿಲ್ಲ.

ಕೊನೆಗೆ ನೆಲೆ ನಿಂತದ್ದು ಮೇಣ ಬೆರೆತ ತೆಳು ಎಣ್ಣೆಗೆ. ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತದೆ, ಉದ್ದ ನಳಿಗೆ ಬರುತ್ತದೆ. ಮೂರು ಡಬ್ಬಿ ಸಾಕು. ಡಬ್ಬಿಗೂ ಕಾಕನ ಕೂಲಿಗೂ ಸೇರಿ ಎರಡೂವರೆ ಸಾವಿರದೊಳಗೆ ಮುಗಿಯುತ್ತದೆ. ಮಾಡುವುದು ಮೇ ಮೊದಲ ವಾರ, ಸುರಂಗದ ನೀರಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಬಿಟ್ಟ ಮೇಲೆ. ತಗಡು ಕಾದಿರುತ್ತದೆ, ಎಣ್ಣೆ ತೆಳ್ಳಗಾಗಿ ಸಂದಿಗೆ ಇಳಿಯುತ್ತದೆ. ಬ್ರೇಕ್ ಮತ್ತು ಸೈಲೆನ್ಸರ್ ಹತ್ತಿರ ಮಾತ್ರ ಒಂದು ತೊಟ್ಟೂ ಬೀಳಬಾರದು. ಬಾಗಿಲ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ನನ್ನ ಕಾರಿನ ಬಾಗಿಲು ಕೊಳೆತದ್ದು ಅವು ಎಲೆ, ಮಣ್ಣು ಕಟ್ಟಿ ಮುಚ್ಚಿದ್ದರಿಂದ. ಹಿಡಿಸೂಡಿಯ (ಪೊರಕೆಯ) ಒಂದು ಕಡ್ಡಿ ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿದ್ದೇನೆ, ಚುಚ್ಚಲು.

ಚಂದ ಕೇಳಬೇಡಿ. ಅಡಿಯೆಲ್ಲ ಜಿಗುಟು, ಧೂಳು ಮೆತ್ತಿ ಕಂದು ಬಣ್ಣ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದಾಗ ಆ ಕೆಂಪು ಧೂಳಿನಲ್ಲಿ ಇನ್ನೂ ಜಾಸ್ತಿ ಇತ್ತು. ಹೊಸ ಮೆಕ್ಯಾನಿಕ್ ಆದರೆ ಕೈ ಹಾಕಲು ಅಸಹ್ಯಪಡುತ್ತಾನೆ. ಆದರೆ 2014ರಲ್ಲಿ ವೆಲ್ಡ್ ಮಾಡಿದ ತಗಡು ಇವತ್ತಿಗೂ ಬೆರಳಲ್ಲಿ ಬಡಿದರೆ ಠಣ್ ಎನ್ನುತ್ತದೆ. 2016ರಲ್ಲಿ, 2021ರಲ್ಲಿ ರಿಜಿಸ್ಟ್ರೇಶನ್ ನವೀಕರಣಕ್ಕೆ ಹೋದಾಗ ಬಾಡಿಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಅದರ ನಂತರದ ಸರದಿ 2026ಕ್ಕೆ.

ಎಣ್ಣೆಗೂ ಆಗದ್ದು ಒಂದಿದೆ. ಹಿಂದಿನ ಎಡ ಚಕ್ರದ ಮೇಲಿನ ಕಮಾನಿನಲ್ಲಿ ಹಳೆ ಕೋಟಿಂಗಿನ ತುಂಡು ಉಳಿದುಬಿಟ್ಟಿತ್ತು. ಅಲ್ಲಿಗೆ ನಳಿಗೆ ಹೋಗುವುದಿಲ್ಲ. ಹೋದ ಮಳೆಗಾಲದಲ್ಲಿ ಅಲ್ಲಿ ಎರಡು ಗುಳ್ಳೆ ಎದ್ದಿದೆ, ಕಡಲೆಕಾಳಿನಷ್ಟು. ಪುಟ್ಟಿ ಹಾಕಿ ಪೈಂಟ್ ಹೊಡೆಯೋದು ಬೇಡ, ಕತ್ತರಿಸಿಯೇ ತೆಗೀರಿ ಅಂತ ಕಾಕನಿಗೆ ಹೇಳಿಟ್ಟಿದ್ದೇನೆ.