ಡೊಂಬಿವಲಿಯ ಎರಡು ಕೋಣೆ, ಎರಡು ಥರದ ಪುಟ್ಟಿ, ಎರಡು ಥರದ ಬಣ್ಣ

ಮನೆಗೆ ತಾವೇ ಬಣ್ಣ ಹೊಡೆಯಲು ಹೊರಟವರು ಅಂಗಡಿಗೆ ಹೋಗಿ ಮೊದಲು ಬಿಡಿಸುವುದು ಶೇಡ್ ಕಾರ್ಡ್. ಯಾವ ಕಂಪನಿ, ಯಾವ ಬಣ್ಣ, ಮ್ಯಾಟ್ ಬೇಕೋ ಹೊಳಪು ಬೇಕೋ ಅಂತ ಅರ್ಧ ದಿನ ಚರ್ಚೆ ಆಗುತ್ತದೆ. ಆದರೆ ಮುಂಬಯಿ ಕಡೆಯ ಗೋಡೆ ತಾಳುತ್ತದೋ ಹಕ್ಕಳೆ ಏಳುತ್ತದೋ ಅನ್ನುವುದು ತೀರ್ಮಾನವಾಗುವುದು ಬಣ್ಣದಲ್ಲಲ್ಲ, ಅದರಡಿಯ ಪುಟ್ಟಿಯಲ್ಲಿ, ಅಂದರೆ ಬಣ್ಣಕ್ಕೆ ಮುಂಚೆ ಗೋಡೆಯನ್ನು ನುಣುಪು ಮಾಡಲು ಬಳಿಯುವ ತೆಳು ಪದರದಲ್ಲಿ. ಎರಡು ಕೋಣೆಗಳನ್ನು ಎರಡು ರೀತಿಯಲ್ಲಿ ಮಾಡಿ ನೋಡಿದ ಮೇಲೆ ನನಗೆ ಇದರಲ್ಲಿ ಯಾವ ಅನುಮಾನವೂ ಉಳಿದಿಲ್ಲ.

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಹಳೆಯ ಕಟ್ಟಡ, ಮೇಲಿನ ಮಹಡಿ. ಮಲಗುವ ಕೋಣೆಯ ಪಡುವಣ ಗೋಡೆಗೆ ಮಳೆ ನೇರವಾಗಿ ಬಡಿಯುತ್ತದೆ. ಹಾಲ್ ಮಾತ್ರ ನಡುವೆ ಇರುವುದರಿಂದ ಒಣಗಿಯೇ ಇರುತ್ತದೆ. ಮಲಗುವ ಕೋಣೆಗೆ ಚೌತಿಗೆ ಮುಂಚೆ ನಾನೂ ಭಾವನೂ ಸೇರಿ ಬಣ್ಣ ಹೊಡೆದೆವು, ಹಾಲ್‌ಗೆ ದೀಪಾವಳಿ ಕಳೆದ ಮೇಲೆ. ಹಾಗಾಗಿ ಮೊದಲ ಹೋಲಿಕೆ ಕಾಲದ್ದು.

ಇಲ್ಲಿ ಗಣಪತಿ ಮನೆಗೆ ಬರುವ ಮುಂಚೆ ಗೋಡೆ ಹೊಸದಾಗಿರಬೇಕು ಅನ್ನುವುದು ಎಲ್ಲರ ಆಸೆ. ನಮ್ಮ ಕಟ್ಟಡದಲ್ಲಿ ಮರಾಠಿಯವರು, ತುಳುವರು, ನಮ್ಮ ಕುಂದಾಪುರದ ಕಡೆಯವರು, ಎಲ್ಲರೂ ಆಗಸ್ಟ್‌ನಲ್ಲೇ ಡಬ್ಬ ತೆರೆಯುತ್ತಾರೆ. ಆದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಹಿಂದೆ ಸರಿಯುವುದು ಅಕ್ಟೋಬರ್ 8. ಚೌತಿ ಬರುವುದು ಇದರ ನಡುವೆ. ಡಬ್ಬದ ಮೇಲೆ ಬರೆದಿರುವ ನಾಲ್ಕು ತಾಸು, ಆರು ತಾಸು ಒಣಗುವ ಅವಧಿ ಒಣ ಹವೆಗೆ ಹೊಂದುವಂಥದ್ದು. ನಮ್ಮ ಮಲಗುವ ಕೋಣೆಯಲ್ಲಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯುವ ತಳಪದರ) ಮರುದಿನ ಬೆಳಿಗ್ಗೆಯೂ ಬೆರಳಿಗೆ ಅಂಟುತ್ತಿತ್ತು, ಫ್ಯಾನ್ ಇಡೀ ರಾತ್ರಿ ತಿರುಗಿದರೂ. ಅದೇ ಹಾಲ್‌ನಲ್ಲಿ ಬೆಳಿಗ್ಗೆ ಹೊಡೆದದ್ದರ ಮೇಲೆ ಸಂಜೆ ಇನ್ನೊಂದು ಕೈ ಹೊಡೆಯಲು ಸಾಧ್ಯವಾಯಿತು. ಹಬ್ಬಕ್ಕೆ ಮಾಡಲೇಬೇಕು ಅಂದರೆ ದೇವರು ಕೂರುವ ಒಂದು ಒಳಗೋಡೆಗೆ ಮಾತ್ರ ಮಾಡಿ. ಹೊರಗೋಡೆಯನ್ನು ಮುಟ್ಟಬೇಡಿ.

ಈಗ ಪುಟ್ಟಿಯ ವಿಷಯ. ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಹಿಟ್ಟಿನಂತೆ ಸಿದ್ಧವಾಗಿ ಬರುವ ಅಕ್ರಿಲಿಕ್ ಪುಟ್ಟಿ ಒಂದು. ಚೀಲದಲ್ಲಿ ಪುಡಿಯಾಗಿ ಬರುವ, ಬಿಳಿ ಸಿಮೆಂಟಿನ ಪುಟ್ಟಿ ಇನ್ನೊಂದು. ಹೊಸದಾಗಿ ಕೈ ಹಾಕುವವರಿಗೆ ಅಂಗಡಿಯವರು ಹೆಚ್ಚಾಗಿ ಕೊಡುವುದು ಮೊದಲನೆಯದು, ಯಾಕೆಂದರೆ ಕಲಸುವ ಗೋಜಿಲ್ಲ. ಮುಚ್ಚಳ ತೆರೆದು ಬ್ಲೇಡಿನಲ್ಲಿ ತೆಗೆದು ಎಳೆದರೆ ಆಯಿತು. ಉಜ್ಜಲೂ ಸುಲಭ, 180ರ ಪಾಲಿಶ್ ಪೇಪರ್ ಒಂದು ಸುತ್ತು, 320ರದ್ದು ಇನ್ನೊಂದು ಸುತ್ತು, ಗೋಡೆ ಕನ್ನಡಿಯ ಹಾಗೆ ನುಣುಪಾಗುತ್ತದೆ. ಹಾಲ್‌ಗೆ ನಾವು ಹಾಕಿದ್ದು ಇದನ್ನೇ. ಈಗಲೂ ಒಂದು ಬಿರುಕೂ ಇಲ್ಲ.

ಮಲಗುವ ಕೋಣೆಗೂ ಅದೇ ಬಕೆಟ್ ಪುಟ್ಟಿ ಹೋಗಿತ್ತು. ಮುಂದಿನ ಮಳೆಗಾಲ ಅರ್ಧಕ್ಕೆ ಬರುವಷ್ಟರಲ್ಲಿ ಪಡುವಣ ಗೋಡೆಯಲ್ಲಿ, ಸ್ವಿಚ್‌ಬೋರ್ಡಿನ ಪಕ್ಕ, ಅಂಗೈಯಗಲದ ಉಬ್ಬು ಕಾಣಿಸಿತು. ಒತ್ತಿದರೆ ಮೆತ್ತಗೆ. ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಉಬ್ಬಿನ ಅಂಚನ್ನು ಬ್ಲೇಡಿನಿಂದ ಎಬ್ಬಿಸಿದಾಗ ಮೇಲೆ ಹೊಡೆದಿದ್ದ ಇಮಲ್ಷನ್ ಬಣ್ಣದ ಪೊರೆ ಹರಿಯದೆ ಹಾಳೆಯಾಗಿ ಕೈಗೆ ಬಂತು. ಅದರ ಬೆನ್ನಿಗೆ ಪುಟ್ಟಿ ಒದ್ದೆಯಾಗಿ ಮೆತ್ತಿಕೊಂಡಿತ್ತು. ಹಿಂದಿನ ಗಾರೆಯ ಮೇಲೆ ಬೆಳ್ಳಗೆ ನವಿರಾದ ಉಪ್ಪು. ಬಣ್ಣಕ್ಕೆ ಏನೂ ಆಗಿರಲಿಲ್ಲ, ಅದು ಹಿಡಿದು ನಿಲ್ಲಬೇಕಾದ ನೆಲೆಯೇ ಕರಗಿತ್ತು. ಅಕ್ರಿಲಿಕ್ ಪುಟ್ಟಿ ಒಳಗಿನ ಒಣ ಗೋಡೆಗಳಿಗೆ ಅಂತಲೇ ಮಾಡಿದ್ದು. ಹಿಂದಿನಿಂದ ನೀರು ಬರುವ ಗೋಡೆಯಲ್ಲಿ ಅದು ಉಬ್ಬುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನದ್ದೂ ಇದೇ ಕಥೆ. ನಮ್ಮ ಕೆಳಮನೆಯವರ ಗೋಡೆಯಲ್ಲಿ ಅದು ಕೈಯಲ್ಲಿ ಪುಡಿಯಾಗಿ ಉದುರುತ್ತಿದೆ.

ಹಾಗಾಗಿ ಆ ಗೋಡೆಯನ್ನು ಗಾರೆಯ ತನಕ ಕೆರೆದು, ಮಳೆ ನಿಂತು ಚೆನ್ನಾಗಿ ಒಣಗಲು ಬಿಟ್ಟು, ಸಿಮೆಂಟಿನ ಪುಟ್ಟಿ ಹಾಕಿದೆವು. ಇದು ಕಷ್ಟದ ಕೆಲಸ, ಸುಳ್ಳು ಹೇಳುವುದಿಲ್ಲ. ಒಂದು ಕಿಲೋ ಪುಡಿಗೆ ಸುಮಾರು 360ರಿಂದ 400 ಮಿಲಿಲೀಟರ್ ನೀರು. ಗಂಟಿಲ್ಲದೆ ಕಲಸಬೇಕು, ಎರಡು ಮೂರು ತಾಸಿನೊಳಗೆ ಮುಗಿಸಬೇಕು. ಬಿಗಿದ ಮೇಲೆ ನೀರು ಹಾಕಿ ಸಡಿಲಿಸಿದರೆ ಅದಕ್ಕೆ ಬಲ ಇರುವುದಿಲ್ಲ. ಗೋಡೆಯನ್ನು ಮೊದಲು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ತೆಳುವಾಗಿ ಎರಡು ಕೈ ಎಳೆಯಬೇಕು, ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಅದಕ್ಕಿಂತ ಆಳದ ಗುಂಡಿ ಇದ್ದರೆ ಅಲ್ಲಿಗೆ ಗಾರೆ ಮಾಡಿ, ಪುಟ್ಟಿ ತುಂಬಬೇಡಿ. ಉಜ್ಜುವುದನ್ನು ಮುಂದೂಡಿದರೆ ಗೋಡೆ ಕಲ್ಲಾಗುತ್ತದೆ, ಭಾವನ ತೋಳು ಸೋತದ್ದು ಅಲ್ಲೇ. ಸಿಮೆಂಟ್ ಚರ್ಮವನ್ನು ಸುಡುವುದರಿಂದ ಕೈಗವಸು, ದೂಳಿಗೆ ಮಾಸ್ಕ್ ಬೇಕೇಬೇಕು. ಇಷ್ಟೆಲ್ಲ ಆದರೂ ನನ್ನ ಆಯ್ಕೆ ಅದೇ. ಮತ್ತೊಂದು ಮಳೆಗಾಲ ಬಡಿದು ಹೋಗಿದೆ, ಅದೇ ಸ್ವಿಚ್‌ಬೋರ್ಡಿನ ಪಕ್ಕ ಕಲೆ ಮೂಡಿದೆ, ಆದರೆ ಪುಟ್ಟಿ ಗಾರೆಯನ್ನು ಬಿಟ್ಟಿಲ್ಲ.

ನಿಮ್ಮ ಗೋಡೆ ಯಾವ ಜಾತಿಯದ್ದು ಅಂತ ತಿಳಿಯಲು ಯಂತ್ರ ಬೇಡ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಹನಿ ಹಾಳೆಯ ಒಳಮೈಯಲ್ಲಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿದ್ದರೆ ಕೋಣೆಯ ಹವೆಯದ್ದು, ಕಿಟಕಿ ತೆರೆದರೆ ಮುಗಿಯಿತು.

ಡಿಸ್ಟೆಂಪರ್ ಒಳ್ಳೆಯದೋ ಇಮಲ್ಷನ್ನೋ ಎಂಬ ಪ್ರಶ್ನೆಗೂ ಉತ್ತರ ಗೋಡೆಯಲ್ಲೇ ಇದೆ. ಕಿಲೋ ಲೆಕ್ಕದಲ್ಲಿ ಸಿಗುವ ಡಿಸ್ಟೆಂಪರ್ ಅಗ್ಗ, ಲೀಟರ್ ಲೆಕ್ಕದ ಇಮಲ್ಷನ್ ದುಬಾರಿ. ಹಾಲ್‌ನಲ್ಲಿ ಇಮಲ್ಷನ್ ಕೊಟ್ಟ ದುಡ್ಡಿಗೆ ಸರಿಯಾಗಿದೆ. ಮಗಳು ಸೋಫಾದ ಹಿಂದೆ ಪೆನ್ಸಿಲ್‌ನಲ್ಲಿ ಬಿಡಿಸಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಡಿಸ್ಟೆಂಪರ್ ಆಗಿದ್ದರೆ ನಾಲ್ಕು ಸಲ ಒರೆಸುವಷ್ಟರಲ್ಲಿ ಬಣ್ಣವೂ ಬಟ್ಟೆಗೆ ಬರುತ್ತಿತ್ತು. ಆದರೆ ಪಡುವಣ ಗೋಡೆಗೆ ಎರಡನೇ ಸಲ ನಾನು ಹೊಡೆದದ್ದು ಡಿಸ್ಟೆಂಪರನ್ನೇ. ಇಮಲ್ಷನ್ ಗಟ್ಟಿ ಪೊರೆಯಾಗಿ ಕೂರುವುದರಿಂದ ಒಳಗಿನ ತೇವಕ್ಕೆ ಹೊರಬರಲು ದಾರಿ ಸಾಲದೆ ಗುಳ್ಳೆ ಎಬ್ಬಿಸುತ್ತದೆ. ಡಿಸ್ಟೆಂಪರಿನ ಪದರದಲ್ಲಿ ಉಸಿರಾಟ ಹೆಚ್ಚು. ಕಲೆ ಬರುತ್ತದೆ ನಿಜ, ಹಾಳೆಯಾಗಿ ಕಳಚುವುದಿಲ್ಲ. ಅಮ್ಮ ಮೊದಲಿನಿಂದ ಹೇಳುತ್ತಿದ್ದುದು ಸುಣ್ಣ. ಅದೂ ಉಸಿರಾಡುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಮುಂದೆ ಇಮಲ್ಷನ್ ಹೊಡೆಯಬೇಕಾದರೆ ಪೂರ್ತಿ ಕೆರೆದು ತೆಗೆಯಬೇಕಲ್ಲ ಅನ್ನುವ ಒಂದೇ ಕಾರಣಕ್ಕೆ ನಾನು ಒಪ್ಪಲಿಲ್ಲ.

ಬೂಷ್ಟು ಹಿಡಿದ ಜಾಗವನ್ನು ತೆಳು ಬ್ಲೀಚಿನಿಂದ ತೊಳೆದು ಒಣಗಿಸಿಯೇ ಮುಂದುವರಿಯಿರಿ. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಬೆರೆಸಬೇಡಿ, ಬರುವ ಅನಿಲ ವಿಷ.

ರೋಲರ್‌ಗೂ ಬ್ರಷ್‌ಗೂ ಪೈಪೋಟಿಯೇ ಇಲ್ಲ. ಮೂಲೆ ಮತ್ತು ಅಂಚಿಗೆ ಎರಡಿಂಚಿನ ಬ್ರಷ್, ಉಳಿದದ್ದಕ್ಕೆ ಮೈಕ್ರೋಫೈಬರ್ ರೋಲರ್. ಅಂಚು ಒಣಗುವ ಮುಂಚೆ ರೋಲರ್ ಅದರ ಮೇಲೆ ಬರಬೇಕು, ಇಲ್ಲದಿದ್ದರೆ ಚೌಕಟ್ಟಿನ ಹಾಗೆ ಗೆರೆ ಉಳಿಯುತ್ತದೆ. ಪ್ರೈಮರ್‌ನಲ್ಲಿ ನೀರಿನದ್ದೇ ಸಾಕು. ಟರ್ಪೆಂಟೈನ್ ಬೆರೆಸುವಂಥದ್ದು ಗಟ್ಟಿ ಹಿಡಿಯುತ್ತದೆ, ಆದರೆ ಆ ವಾಸನೆಯಲ್ಲಿ ಸಣ್ಣ ಫ್ಲ್ಯಾಟಿನಲ್ಲಿ ಮಲಗಲಾಗದು.

ಟೇಪ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಾಸ್ಕಿಂಗ್ ಟೇಪನ್ನು 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಡಿದ್ದು ಕಾರುಗಳಿಗೆ ಎರಡು ಬಣ್ಣ ಹೊಡೆಯುವವರ ಕಷ್ಟ ನೋಡಿ. ಅಂಟಬೇಕು, ಕೀಳುವಾಗ ಹಳೆ ಬಣ್ಣ ಕಿತ್ತು ಬರಬಾರದು ಅನ್ನುವುದೇ ಅದರ ಗುಟ್ಟು. ಅಂಗಡಿಯ ಅಗ್ಗದ ಕಂದು ಪ್ಯಾಕಿಂಗ್ ಟೇಪ್ ಆ ಕೆಲಸ ಮಾಡದು. ಸೀಲಿಂಗಿನ ಅಂಚಿನಲ್ಲಿ ಅದು ಹಳೆ ಡಿಸ್ಟೆಂಪರನ್ನು ಉದ್ದಕ್ಕೆ ಸುಲಿದು ತಂದಿತು. ಕ್ರೇಪ್ ಕಾಗದದ ಟೇಪ್ ಹಾಕಿ, ಬಣ್ಣ ಪೂರ್ತಿ ಒಣಗುವ ಮುಂಚೆ ಓರೆಯಾಗಿ ನಿಧಾನ ಎಳೆಯಿರಿ.

ಬಾಗಿಲಿಗೆ ಹಳೆಯ ಆಯಿಲ್ ಪೇಂಟ್ ಇದ್ದರೆ ಒಣಗಾಗಿ ಉಜ್ಜಬೇಡಿ. ನಮ್ಮ ದೇಶದಲ್ಲಿ ಮನೆಬಣ್ಣದಲ್ಲಿರುವ ವಿಷಕಾರಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಎಷ್ಟಿದೆಯೋ ಹೇಳಲಾಗದು. ನೀರು ಹಚ್ಚಿ ಉಜ್ಜಿ, ಮಕ್ಕಳನ್ನು ಆ ದಿನ ಬೇರೆ ಮನೆಗೆ ಕಳಿಸಿ.

ಇನ್ನು ಒಳಗೆಷ್ಟು ಬಳಿದರೂ ಹೊರಗಿನ ಬಿರುಕು ಹಾಗೇ ಇದ್ದರೆ ನೀರು ಬರುತ್ತಲೇ ಇರುತ್ತದೆ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ (ಸೊಸೈಟಿ ನಡೆಸುವ ನಿಯಮಾವಳಿಯಲ್ಲಿ) ಮಳೆನೀರಿನ ಸೋರಿಕೆಯ ರಿಪೇರಿ ಸೊಸೈಟಿಯ ಖರ್ಚು ಅಂತ ಸ್ಪಷ್ಟವಾಗಿದೆ. ಬಾಯಿಮಾತಲ್ಲಿ ಹೇಳಿ ಬಿಡಬೇಡಿ. ಕಲೆಯ ಫೋಟೋ ಇಟ್ಟು ಲಿಖಿತವಾಗಿ ಕೊಟ್ಟು, ಸೆಕ್ರೆಟರಿಯಿಂದ ಸಹಿ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ನಮ್ಮ ಅರ್ಜಿ ಕಮಿಟಿಯ ಮುಂದಿದೆ. ಹೊರಗೋಡೆ ಆದ ಮೇಲೆ ಪ್ಲಾಸ್ಟಿಕ್ ಹಾಳೆ ಇನ್ನೊಮ್ಮೆ ಅಂಟಿಸಿ ನೋಡಿ, ಒಣಗಿದೆ ಅಂತ ಖಾತ್ರಿಯಾದರೆ ಪಡುವಣ ಗೋಡೆಗೂ ಇಮಲ್ಷನ್ ಹೊಡೆಯುತ್ತೇವೆ.